ಫ್ರೀಜರಿಗೂ ಒಂದಿನ ಸೂಟಿ

ಬ್ಯಾರೇದವರ ನೌಕರಿಯೊಳಗ ನಗೂವಂಥಾದ್ದು ವರ್ಷಕ್ಕೊಮ್ಮೆ ಏನರ ನಡದೀತು. ಸೊಳ್ಳಿ ಹಿಡಿಯೋ ನೌಕರಿ ಹಂಗಲ್ಲ. ಚಪ್ಪಲಿ ಮೆಟ್ಟಿ ಹೊರಗ ಬಿದ್ನೆಂದ್ರ ಸಾಕು, ಒಂದು ನಡದ ಬಿಡತೈತಿ.

ನಂದು ಹಾವೇರ್ಯಾಗ ಸಣ್ಣದೊಂದು ಲ್ಯಾಬು. ಡೆಂಗಿ ಸೊಳ್ಳಿ ಹಿಡ್ಕೊಂಡು ಬರೂದು, ಅದರ ಹೊಟ್ಟ್ಯಾಗ ವೈರಸ್ ಐತೇನು ನೋಡೂದು. ಇದ್ರ ಆ ವೈರಸ್ಸಿನ ವಂಶವಾಹಿ ಓದಿ, ಅದು ಎಲ್ಲಿಂದ ಬಂತು, ಯಾವುದರ ಪೈಕಿ ಅಂತ ಪತ್ತೆ ಹಚ್ಚೂದು. ಇದು ನನ್ನ ಪಿಎಚ್‌ಡಿ. ಎರಡು ಮಳಿಗಾಲ ಕಳದ್ರೂ ಒಂದೂ ವೈರಸ್ ಸಿಕ್ಕಿದ್ದಿಲ್ಲ. ಗೈಡ್ ಸರ್ ಫೋನ್ ಮಾಡಿ, "ಇದ ಕಡೀ ವರ್ಷ ನೋಡವಾ. ಸಿಗಲಿಲ್ಲಂದ್ರ ಗಂಟು ಕಟ್ಟು" ಅಂದಬಿಟ್ರು. ಊರ ಮಂದಿಯೆಲ್ಲಾ ಡೆಂಗಿ ಬರಬಾರದು ಅಂತ ಬೇಡ್ಕೊಂಡ್ರ, ಒಂದರ ಸಿಗಲೆಪ್ಪಾ ಅಂತ ಬೇಡ್ಕೊಳ್ಳಾಕಿ ನಾ ಒಬ್ಬಾಕಿ.

೧. ಹೇಳಿ ಹೋಗಬಾರದು

ರಾಣೆಬೆನ್ನೂರಾಗ ಒಬ್ಬ ಅಜ್ಜಿ ಮನಿ. ಹಿತ್ತಲದಾಗ ನೀರು ತುಂಬೋ ಕಲ್ಲಿನ ದೋಣಿ, ಎರಡು ಹಂಡೆ, ಒಂದು ಹಳೇ ಟೈರು. ಒಂದೊಂದ್ರ ನೀರಾಗೂ ಸೊಳ್ಳಿಮರಿ ಕುಣಿಯಾಕತ್ತಿದ್ದವು, ಗ್ವಾಡಿಗೆ ದೊಡ್ಡ ಸೊಳ್ಳಿ ಸಾಲಾಗಿ ಕುಂತಿದ್ದವು. ನನ್ನ ಕಡೆ ಅವತ್ತು ಸಾಮಾನು ಇದ್ದಿಲ್ಲ. "ಅಜ್ಜಿ, ನಾಳೆ ಮುಂಜಾನೆ ಬರ್ತೀನಿ. ಸೊಳ್ಳಿ ಹಿಡ್ಕೊಂಡು ಈ ನೀರೆಲ್ಲಾ ನಾನ ಚೆಲ್ಲಿ ಹೋಗ್ತೀನಿ" ಅಂತ ಹೇಳಿ ಬಂದ್ನಿ.

ಮರುದಿನ ಹೋಗಿ ನೋಡ್ತೀನಿ, ಹಿತ್ತಲಾ ಲಕಲಕ ಹೊಳಿಯಾಕತ್ತೈತಿ. ದೋಣಿ ತಿಕ್ಕಿ ಒಣಗಿಸ್ಯಾರ, ಹಂಡೆ ಬೋರಲು ಹಾಕ್ಯಾರ, ಟೈರು ಗುಜರಿಗೆ ಹೋಗೈತಿ. ಗ್ವಾಡಿಗೆ ಫಿನೈಲ್, ಬಾಗಿಲಿಗೆ ರಂಗೋಲಿ, ನನಗ ಒಂದು ತಾಟು ಗಿರ್ಮಿಟ್ಟು.

"ಅಜ್ಜಿ, ಸೊಳ್ಳಿ ಎಲ್ಲಿ?"

"ದೊಡ್ಡ ಓದು ಓದಿದಾಕಿ ಮನಿಗೆ ಬರ್ತಾಳಂದ್ರ ಹೊಲಸು ಇಟ್ಕೊಂಡು ಕುಂದ್ರಾಕ ಆಗ್ತೈತೇನ ತಂಗಿ?"

ವೈರಸ್ಸಿನ ವಂಶ ನೋಡಾಕ ಸೊಳ್ಳಿ ಬೇಕಾಗಿತ್ತು ಅಂತ ಬಿಡಿಸಿ ಹೇಳಿದ್ನಿ. ಅಜ್ಜಿ ಕೈ ಒರಸ್ಕೋತ, "ಅಂದ್ರ ಅದರ ಮನೆತನಾ, ಬೆಡಗು ಕೇಳಾಕ ಬಂದೀದಿ ಅನ್ನು. ಸಂಬಂಧ ನೋಡಾಕ ಬರೋರಿಗೂ ನಾವು ಮನಿ ಸಾರ್ಸೇ ಇಡ್ತೀವಿ ತಗೋ" ಅಂದ್ಲು. ಊರಿಗೆ ಒಳ್ಳೇದಾತು, ನನಗ ಗಿರ್ಮಿಟ್ಟು ಸಿಕ್ತು.

೨. ಪ್ರಾಮಾಣಿಕಳು ನಾನು

ಮುಂದ ಬ್ಯಾಡಗಿ. ಮೆಣಸಿನಕಾಯಿ ಗೋಡೌನು. ಸೀಜನ್ ಅಲ್ಲದಿದ್ರೂ ಒಳಗ ಘಾಟು ಕುಂತ ಇರ್ತೈತಿ. "ನಮ್ಮ ಘಾಟಿಗೆ ಸೊಳ್ಳಿ ಎಲ್ಲಿಂದ ಬರಬೇಕ್ರೀ" ಅಂತ ಸಾವ್ಕಾರ್ರು ನಕ್ರು. ಆದ್ರ ನೀರಿನ ಟಾಕಿ ಹಿಂದ ಇದ್ದವು.

ನಮ್ಮ ಸೊಳ್ಳಿ ಹಿಡಿಯೋ ಸಾಮಾನು ಭಾಳ ಸರಳ. ಗಾಜಿನ ಕೊಳವಿ, ಅದಕ್ಕೊಂದು ರಬ್ಬರ್ ಪೈಪು. ಕೊಳವಿ ಸೊಳ್ಳಿ ಹತ್ರ ಹಿಡದು, ಪೈಪು ಬಾಯಾಗಿಟ್ಕೊಂಡು ಸುರ್ ಅಂತ ಎಳಕೊಳ್ಳೂದು. ನಡುವ ಸಣ್ಣ ಜಾಳಿಗಿ ಇರ್ತೈತಿ, ಅದಕ್ಕ ಸೊಳ್ಳಿ ಬಾಯಿ ಮಟಾ ಬರಂಗಿಲ್ಲ. ಒಂದೊಂದ ಎಳಕೋತ ಹೋದ್ನಿ. ಸಾವ್ಕಾರ್ರು ಮೂತಿ ಮುಂದ ತಂದು ಕೊಳವಿಯೊಳಗ ಇಣುಕಿ ನೋಡಾಕತ್ರು. ಹನ್ನೊಂದನೇ ಸೊಳ್ಳಿ ಒಳಗ ಹೋತು, ಘಾಟು ನನ್ನ ಮೂಗಿಗೆ ಹತ್ತಿತು.

"ಆಕ್ಷೀ!"

ಪೈಪು ಬಾಯಾಗ ಇತ್ತಲ್ಲಾ, ಎಳಕೊಂಡಿದ್ದೆಲ್ಲಾ ಸಾವ್ಕಾರ್ರ ಮಾರಿ ಮ್ಯಾಲೆ.

ಅವರು ಮೀಸಿಯೊಳಗಿಂದ ಒಂದು ಸೊಳ್ಳಿ ತಗದು, "ಇರ್ಲಿ ಬಿಡ್ರಿ ಮೇಡಮ್ಮಾರ. ನಮ್ಮ ಗೋಡೌನಿನ ಮಾಲು ನಮಗ ವಾಪಸ್ ಕೊಟ್ರಿ. ಇಷ್ಟು ಪ್ರಾಮಾಣಿಕ ಗಿರಾಕಿ ನಾ ನೋಡಿದ್ದಿಲ್ಲ" ಅಂದ್ರು.

ಕೊಳವಿಯೊಳಗ ಹೆಂಗೋ ನಾಕು ಉಳದಿದ್ದವು.

೩. ಸೀಟು

ಆ ನಾಕನ್ನ ಐಸ್ ಡಬ್ಬ್ಯಾಗ ಹಾಕ್ಕೊಂಡು ಹಾವೇರಿ ಬಸ್ ಹತ್ತಿದ್ನಿ. ಈಗ ಹೆಣ್ಮಕ್ಕಳಿಗೆ ಬಸ್ ಫ್ರೀ, ಕಾಲಿಡಾಕ ಜಾಗ ಇರಂಗಿಲ್ಲ. ಡಬ್ಬಿ ಎದಿಗೆ ಅವಚ್ಕೊಂಡು ನಿಂತಿದ್ನಿ. ಕುಂತ ಹೆಣ್ಮಗಳೊಬ್ಬಾಕಿ, "ಐಸ್‌ಕ್ರೀಮ್ ಏನ್ ಯಕ್ಕಾ?" ಅಂದ್ಲು.

"ಅಲ್ರಿ, ಡೆಂಗಿ ಸೊಳ್ಳಿ" ಅಂದ್ನಿ. ಸುಳ್ಳು ಹೇಳೂದು ನನಗ ಬರಂಗಿಲ್ಲ.

ಹಾವೇರಿ ಬರೂತನಕ ಮೂರು ಮಂದಿ ಸೀಟಿನ್ಯಾಗ ನಾ ಒಬ್ಬಾಕಿನ ಕಾಲು ಚಾಚಿ ಕುಂತು ಬಂದ್ನಿ.

೪. ಸೂಟಿ

ಆ ನಾಕರಾಗ ಒಂದ್ರಾಗ ವೈರಸ್ ಇತ್ತು! ಲ್ಯಾಬಿನ್ಯಾಗ ಕುಣಿದಾಡಿಬಿಟ್ನಿ. ಅದನ್ನ ಸಣ್ಣ ಶೀಶೆಯೊಳಗ ಹಾಕಿ, ಮ್ಯಾಲೆ 'ಬ್ಯಾಡಗಿ' ಅಂತ ಬರದು, ಸೊನ್ನಿಗಿಂತ ಎಂಬತ್ತು ಡಿಗ್ರಿ ಕೆಳಗಿನ ದೊಡ್ಡ ಫ್ರೀಜರಿನ್ಯಾಗ ಇಟ್ನಿ. ದಸರಾ ಮುಗಿದ ಮ್ಯಾಲೆ ವಂಶವಾಹಿ ಓದೋ ಮಶೀನಿನ್ಯಾಗ ನನ್ನ ಪಾಳಿ. ಅಲ್ಲೀ ಮಟಾ ಅದು ಕರಗಬಾರದು. ಕರಗಿದ್ರ ವಂಶವಾಹಿ ಚೂರುಚೂರು, ನನ್ನ ಪಿಎಚ್‌ಡಿನೂ ಚೂರುಚೂರು.

ಲ್ಯಾಬಿನ ಅಟೆಂಡರನ್ನ ನಾ ಮಾಮಾ ಅಂತೀನಿ. ಬಡಗೇರ ಮನೆತನದವ್ರು, ಮಶೀನಂದ್ರ ಅವ್ರಿಗೆ ಜೀವ. ಆಯುಧ ಪೂಜಿ ದಿನಾ ಮಧ್ಯಾಹ್ನ ಪ್ರಸಾದಕ್ಕ ಅಂತ ಹೋದ್ನಿ. ಸೂಕ್ಷ್ಮದರ್ಶಕಕ್ಕ ಕುಂಕುಮ, ತಕ್ಕಡಿಗೆ ಚೆಂಡುಹೂ, ಫ್ರೀಜರಿಗೆ ಮಾಲಿ, ನಿಂಬಿಹಣ್ಣು. ಎಲ್ಲಾ ಛಲೋ ಇತ್ತು, ಆದ್ರ ಏನೋ ಕಮ್ಮಿ ಅನಸ್ತು. ಯಾವತ್ತೂ ಗುಂಯ್ ಅನ್ನೋ ಫ್ರೀಜರು ಸಪ್ಪಳ ಇಲ್ಲದ ನಿಂತಿತ್ತು.

"ಮಾಮಾ, ಇದನ್ನ ಯಾರು ಬಂದ್ ಮಾಡಿದ್ರು?"

"ನಾನರೀ, ಮುಂಜಾನೆ. ಪೂಜಿ ಆದ ಉಳಿ-ಬಾಚಿ ನಮ್ಮಪ್ಪ ಆ ದಿನಾ ಮುಟ್ಟತಿದ್ದಿಲ್ರಿ. ಇದು ಪಾಪ, ಬಂದಾಗಿಂದ ಒಂದು ಗಳಿಗಿ ಕುಂತಿಲ್ಲ. ಒಂದಿನ ಸೂಟಿ ಕೊಟ್ಟೇನ್ರಿ."

"ಅಯ್ಯೋ ಮಾಮಾ! ವೈರಸ್ ಸತ್ತ ಹೋತು!" ಅಂತ ಗಳಗಳ ಅತ್ತಬಿಟ್ನಿ. ಫ್ರೀಜರಿನ ಬಾಗಿಲಾ ತೆಗಿಯಾಕ ಓಡಿದ್ನಿ. ಮಾಮಾ ಅಡ್ಡ ನಿಂತ್ರು. "ದಾರ ಕಟ್ಟೇನ್ರಿ, ಪೂಜಿ ಮಾಡಿದ್ದು ಇವತ್ತು ತೆಗೀಬಾರದು. ಬೇಕಾದ್ರ ಸ್ವಿಚ್ ಹಾಕ್ರಿ, ಬಾಗಿಲಾ ಮಾತ್ರ ಬ್ಯಾಡ್ರಿ."

ಸ್ವಿಚ್ ಹಾಕಿ ಗೈಡ್ ಸರ್‌ಗೆ ಫೋನ್ ಹಚ್ಚಿದ್ನಿ. ಅವರು ಕೇಳಿದ್ದು ಒಂದ ಮಾತು: "ಬಾಗಿಲಾ ತಗದೀದೇನು?"

"ಇಲ್ರಿ ಸರ್, ಮಾಮಾ ಬಿಡವಲ್ರು."

"ಅವರ ಕಾಲಿಗೆ ಬೀಳು. ಬಾಗಿಲಾ ಮುಚ್ಚಿದ್ರ ತಂಪು ಭಾಳೊತ್ತು ಇರ್ತೈತಿ. ತಗದಿದ್ರ ಎಲ್ಲಾ ಹೋಗ್ತಿತ್ತು."

ಆದ್ರೂ ಓದೂತನಕ ನಂಬಿಕಿ ಇಲ್ಲ. ನನಗ ಊಟ ಸೇರಲಿಲ್ಲ, ನಿದ್ದಿ ಬರಲಿಲ್ಲ. ದಸರಾ ಮುಗೀತು, ನನ್ನ ಪಾಳಿ ಬಂತು. ವಂಶವಾಹಿ ತುದಿಯಿಂದ ಬುಡದ ಮಟಾ ನೆಟ್ಟಗ ಓದಿಸ್ಕೊಂತು. ಹೊರಗ ಓಡಿ ಬಂದ್ನಿ.

"ಮಾಮಾ! ವೈರಸ್ಸಿಗೆ ಏನೂ ಆಗಿಲ್ಲ!"

ಮಾಮಾನ ಮಾರಿ ಸಣ್ಣದಾತು. "ಏನೂ ಆಗಿಲ್ಲೇನ್ರಿ?"

"ಯಾಕ ಮಾಮಾ, ನಿಮಗ ಖುಷಿ ಆಗಲಿಲ್ಲೇನು?"

ಅವರು ಚೀಲದಾಗಿಂದ ಒಂದು ಡಬ್ಬಿ ತಗದು ಮೇಜಿನ ಮ್ಯಾಲೆ ಇಟ್ರು. "ಹಂಗಲ್ರಿ. ಸತ್ತ ಹೋತು ಅಂತ ಅವತ್ತು ನೀವ ಅಂದ್ರಿ. ಮೇಡಮ್ಮಾರು ಮೂರು ವರ್ಷ ದುಡಿದ್ರೂ ಸಾಯಲಾರದ ಡೆಂಗಿನ ನಾ ಒಂದ ಸ್ವಿಚ್ಚಿನ್ಯಾಗ ಕೊಂದೆ ಅಂತ ಓಣಿ ತುಂಬ ಹೇಳಿಬಿಟ್ಟೇನ್ರಿ. ಅದ ಖುಷಿಗೆ ಮನ್ಯಾಗ ಹೋಳಿಗಿ ಮಾಡಿ ನಿಮಗೂ ಕಳಸ್ಯಾರ."

ಇಬ್ಬರೂ ಕುಂತು ಹೋಳಿಗಿ ತಿಂದ್ವಿ. ತುಪ್ಪ ಜಗ್ಗಿ ಹಾಕಿದ್ರು. ಎರಡನೇದು ಮುರಿಯೂ ಮುಂದ ಮಾಮಾ ಸಣ್ಣ ದನಿಲೆ, "ಇನ್ನ ಓಣ್ಯಾಗ ಏನಂತ ಹೇಳ್ಲಿರಿ?" ಅಂದ್ರು.

"ಸತ್ತಿತ್ತು ಖರೇ, ನಿಮ್ಮ ಪೂಜಿ ಪುಣ್ಯಾದಿಂದ ತಿರುಗಿ ಜೀವ ಬಂತು ಅಂತ ಹೇಳ್ರಿ ಮಾಮಾ."

ಮಾಮಾ ಕೈಯಾಗಿನ ಹೋಳಿಗಿ ತಿರುಗಿ ಡಬ್ಬ್ಯಾಗ ಇಟ್ರು. "ಮೇಡಮ್ಮಾರ, ನಿಮಗ ಪಿಎಚ್‌ಡಿ ಆಗ್ಲಿ. ನಾ ಓಣ್ಯಾಗ ಬಾಳೇ ಮಾಡ್ಬೇಕೋ ಬ್ಯಾಡೋ?"