ಅರ್ಧ ಹೂವಿನ ಠಸ್ಸೆ

ಭಾನುವಾರ, ಬೆಳಗ್ಗೆ ಹತ್ತು ಗಂಟೆ. ಸ್ಥಳ, ಮಸ್ಕಿಯಲ್ಲಿ ನನ್ನ ತಂಗಿ ನೀಲಮ್ಮನ ಮನೆಯ ಪಡಸಾಲೆ. ಹಾಜರಿದ್ದವರು ಸಿಂಧನೂರಿನಿಂದ ನಾನು, ಲಿಂಗಸುಗೂರಿನಿಂದ ಬಳೆ ಅಂಗಡಿಯ ಖಾಜಾಸಾಬರು, ಮತ್ತು ನೀಲಮ್ಮ. ವಾರ, ವೇಳೆ, ಹಾಜರಿ ಬರೆಯದೆ ಏನನ್ನೂ ಶುರು ಮಾಡಲು ನನ್ನ ಕೈ ಒಪ್ಪುವುದಿಲ್ಲ. ಪೋಸ್ಟ್ ಮಾಸ್ತರನ ಕೆಲಸದಿಂದ ನಿವೃತ್ತನಾದರೂ ಚಟಗಳಿಗೆ ನಿವೃತ್ತಿಯಿಲ್ಲ.

ಜನ ಅಂಚೆ ಚೀಟಿ ಕೂಡಿಡುತ್ತಾರೆ. ನಾನು ಮತ್ತು ಖಾಜಾಸಾಬರು ಕೂಡಿಡುವುದು ಚೀಟಿಯ ಮೇಲಿನ ಮಸಿಯನ್ನು. ಒಮ್ಮೆ ಹಚ್ಚಿದ ಚೀಟಿಯನ್ನು ಮತ್ತೆ ಯಾರೂ ಬಳಸದಿರಲಿ ಎಂದು ಕಚೇರಿಯಲ್ಲಿ ಅದರ ತಲೆಯ ಮೇಲೊಂದು ಠಸ್ಸೆ ಹೊಡೆಯುತ್ತಾರಲ್ಲ, ಅದು. ಸಾಮಾನ್ಯವಾಗಿ ಅದೊಂದು ದುಂಡು, ಒಳಗೆ ಊರು, ತಾರೀಖು. ಆದರೆ ಹಳೆಯ ಕಾಲದಲ್ಲಿ ಅಲ್ಲೊಬ್ಬ ಇಲ್ಲೊಬ್ಬ ಪುಣ್ಯಾತ್ಮ ಕಟ್ಟಿಗೆ ತುಂಡಿನಲ್ಲಿ ನಕ್ಷತ್ರವನ್ನೋ ಎಲೆಯನ್ನೋ ತಾನೇ ಕೆತ್ತಿಕೊಂಡು ಹೊಡೆದುಬಿಡುತ್ತಿದ್ದ. ದಿನವಿಡೀ ದಬದಬ ಬಡಿಯುವ ಕೆಲಸ. ಬಡಿಯುವುದೇ ಆದರೆ ಹೂವನ್ನೇ ಬಡಿಯೋಣ ಎಂದು ಅವನಿಗೆ ಅನಿಸಿತಲ್ಲ! ನನ್ನ ಕೈಕೆಳಗೆ ಇದ್ದಿದ್ದರೆ ಅವನಿಗೆ ಮೆಮೊ ಕೊಡುತ್ತಿದ್ದೆ. ಈಗ ಅವನು ಹೊಡೆದ ಗುರುತನ್ನು ಭೂತಗನ್ನಡಿಯಲ್ಲಿ ನೋಡುತ್ತ ಊಟ ಮರೆಯುತ್ತೇನೆ. ಅಳತೆ, ಬಣ್ಣ, ಎಸಳು ಎಲ್ಲವನ್ನೂ ಬರೆದು, ಚಿತ್ರ ತೆಗೆದು, ನಮ್ಮಂಥ ಹುಚ್ಚರಿಗೆ ಕಳಿಸುತ್ತೇನೆ.

ಈ ಸಲದ ತಕರಾರು ಒಂದು ಹೂವಿನದು. ಲಿಂಗಸುಗೂರಿನ ಹಳೆಯ ದಲಾಲರ ಮನೆಯ ಕಾಗದಪತ್ರ ಹೊರಬಿದ್ದಾಗ, ಮೊಮ್ಮಕ್ಕಳು ಕಿತ್ತಿಟ್ಟಿದ್ದ ಚೀಟಿಗಳು ನನ್ನ ಪಾಲಿಗೆ ಬಂದವು, ಬೋಳು ಲಕೋಟೆಗಳು ಖಾಜಾಸಾಬರ ಪಾಲಿಗೆ. ಠಸ್ಸೆ ಹೊಡೆಯುವವನು ಚೀಟಿಯ ಮೇಲೆ ಅರ್ಧ, ಲಕೋಟೆಯ ಮೇಲೆ ಅರ್ಧ ಬೀಳುವಂತೆ ಹೊಡೆಯುವುದು ರೂಢಿ. ಹೀಗಾಗಿ ಹೂವಿನ ಅರ್ಧದಷ್ಟು ಎಸಳುಗಳು ಸಿಂಧನೂರಿನಲ್ಲಿ, ಉಳಿದರ್ಧ ಲಿಂಗಸುಗೂರಿನಲ್ಲಿ. ಅರ್ಧ ಹೂವನ್ನು ದಾಖಲಿಸಿದರೆ ಯಾರೂ ನಂಬುವುದಿಲ್ಲ, ಮಸಿ ಚೆಲ್ಲಿದ್ದು ಎನ್ನುತ್ತಾರೆ. ಇಡೀ ಹೂವು ನನ್ನದಾಗಬೇಕೆಂದು ನನಗೆ ಆಸೆ, ತಮ್ಮದಾಗಬೇಕೆಂದು ಅವರಿಗೆ. ಯಾರ ಊರಿಗೆ ಯಾರು ಹೋದರೂ ಸೋತಂತೆ ಎಂದು ದಾರಿಯ ನಡುವಿನ ಮಸ್ಕಿಯನ್ನು ಆರಿಸಿಕೊಂಡೆವು.

ನೀಲಮ್ಮ ಮಂಡಕ್ಕಿ ಒಗ್ಗರಣಿ, ಮಿರ್ಚಿ ಭಜಿ ತಂದಿಟ್ಟಳು. "ಎಣ್ಣಿ ಕೈ ಹಚ್ಚಬ್ಯಾಡ್ರಿ!" ಎಂದು ಇಬ್ಬರೂ ಒಟ್ಟಿಗೆ ಕೂಗಿದೆವು. "ಕೂಸಿಗೆ ನೀರ್ ಹಾಕಾಕತ್ತಾರೇನೋ ಅನ್ನಂಗ ಕುಂತೀರಲ್ಲ," ಎಂದು ಅವಳು ತಟ್ಟೆ ಹಿಂದಕ್ಕೆ ಒಯ್ದಳು.

ನಾನು ಚಿಮಟದಿಂದ ಚೀಟಿ ಎತ್ತಿ, ಲಕೋಟೆಯ ಅಂಚಿಗೆ ಸರಿಯಾಗಿ, ನೆಟ್ಟಗೆ ಇಟ್ಟೆ. ಎಸಳು ಎಸಳಿಗೆ ಕೂಡಲಿಲ್ಲ. ತೆಗೆದು ಮತ್ತೆ ಇನ್ನೂ ನೆಟ್ಟಗೆ ಇಟ್ಟೆ. ಕೂಡಲಿಲ್ಲ.

"ಇದರ ಜೋಡಿ ಬ್ಯಾರೆ ಐತೇನೋ ಮಾಸ್ತರ್ರ," ಎಂದು ಖಾಜಾಸಾಬರು ಮುಖ ಸಣ್ಣದು ಮಾಡಿದರು.

ಕೈ ಒರೆಸಿಕೊಂಡು ಬಂದ ನೀಲಮ್ಮ ಬೆರಳ ತುದಿಯಿಂದ ಚೀಟಿಯನ್ನು ಒಂದಿಷ್ಟು ಓರೆಗೆ ತಳ್ಳಿದಳು. ಹೂವು ಅರಳಿತು. ಎಂಟೂ ಎಸಳು, ನಡುವೆ ಬೊಟ್ಟು! "ಹಚ್ಚಿದವ್ರು ಅವಸರದಾಗ ಹಚ್ಚ್ಯಾರ ಅಣ್ಣ. ಎಲ್ಲಾರೂ ನಿನ್ನಂಗ ಇರ್ತಾರೇನು?"

ನಾನು ಭೂತಗನ್ನಡಿ ಹಿಡಿದೆ. ಒಂದು ಎಸಳು ಉಳಿದವಕ್ಕಿಂತ ಗಿಡ್ಡ; ಅಲ್ಲಿ ಕೆತ್ತಿದವನ ಚಾಕು ಜಾರಿರಬೇಕು. ಅದನ್ನು ಮುಚ್ಚಿಡದೆ ಹಾಗೇ ಹೊಡೆದಿದ್ದಾನೆ, ಮಹರಾಯ. ಖಾಜಾಸಾಬರು ಮೆಲ್ಲಗೆ "ವಾಹ್" ಅಂದರು. ಆಮೇಲೆ ನನ್ನ ಕಡೆ ತಿರುಗಿ, "ನೀವು ಹೊಡ್ದ ಸಿಕ್ಕಾನೂ ನನ್ನ ಕಡೆ ಚೀಲಗಟ್ಲೆ ಅದಾವ್ರಿ ಮಾಸ್ತರ್ರ. ಭಾಳ ದುಂಡಗ, ಭಾಳ ಚೊಕ್ಕ. ಒಬ್ರೂ ಕೇಳಂಗಿಲ್ಲ," ಅಂದರು.

ನಾನು ಆ ಮಾತನ್ನು ನುಂಗಿಕೊಂಡು ಕೇಳಿದೆ: "ಅದಿರ್ಲಿ, ಲಕೋಟಿ ಕೊಡ್ತೀರೇನ್ರಿ?"

"ಒಂದ್ ಮಾತು ಕೇಳ್ತೀನಿ. ನಿಮ್ಮ ಕಚೇರ್ಯಾಗ ಲಕೋಟಿಯಿಂದ ಟಿಕೀಟು ಕಳಚಿ ಬಿದ್ರ ಏನ್ ಮಾಡ್ತಿದ್ರಿ?"

"ಲಕೋಟಿ ಹುಡುಕಿ, ಅದಕ್ಕ ಹಚ್ಚಿ ಮುಂದ ಕಳಸ್ತಿದ್ದೆ."

"ಇಟ್ಕೊಂತಿದ್ದಿಲ್ಲ?"

"ಛೇ ಛೇ! ಎಂಥಾ ಮಾತ್ರಿ?"

"ಹಂಗಾರ ಕಳಸ್ರಿ," ಎಂದು ಖಾಜಾಸಾಬರು ಲಕೋಟೆಯನ್ನು ನನ್ನ ಮುಂದೆ ಸರಿಸಿದರು.

ನೀಲಮ್ಮ ಬಾಯಿಗೆ ಸೆರಗು ಹಚ್ಚಿ ನಕ್ಕಳು. ನನಗೆ ಬೇರೆ ದಾರಿ ಉಳಿಯಲಿಲ್ಲ. ಆ ಓರೆ ಕೆಡದಂತೆ ಚೀಟಿಯನ್ನು ಪಾರದರ್ಶಕ ಚೀಲದಲ್ಲಿ ಲಕೋಟೆಯ ಜೊತೆ ಕೂಡಿಸಿ, ಖಾಜಾಸಾಬರ ಕೈಗಿಟ್ಟೆ. ದಾಖಲೆ ಬರೆಯುವ ಹಕ್ಕು ಮಾತ್ರ ನನ್ನದು, ಪ್ರತಿ ಅವರಿಗೆ ಎಂದು ಒಪ್ಪಂದವಾಯಿತು. ಮಿರ್ಚಿ ಮತ್ತೆ ಬಂತು, ತಣ್ಣಗಾಗಿತ್ತು, ರುಚಿಯಾಗಿತ್ತು.

ಸಂಜೆ ಸಿಂಧನೂರಿಗೆ ಮರಳಿ ಹೂವಿನ ವಿವರ ಬರೆದೆ. ಗಿಡ್ಡ ಎಸಳನ್ನು ದೋಷವೆಂದು ಬರೆಯಲು ಮನಸ್ಸಾಗದೆ 'ವಿಶೇಷ' ಎಂದು ಬರೆದೆ. ಖಾಜಾಸಾಬರಿಗೆ ಕಳಿಸುವ ಲಕೋಟೆಗೆ ಚೀಟಿ ಹಚ್ಚುವ ಹೊತ್ತಿಗೆ ಒಂದು ಆಸೆ ಹುಟ್ಟಿತು: ಜೀವನದಲ್ಲಿ ಒಮ್ಮೆ ನಾನೂ ಓರೆಯಾಗಿ ಹಚ್ಚಬೇಕು. ಕೈ ಕೇಳಲಿಲ್ಲ, ತಾನಾಗಿಯೇ ನೆಟ್ಟಗಾಗುತ್ತಿತ್ತು. ಕೊನೆಗೆ ಕಂಪಾಸ್ ಪೆಟ್ಟಿಗೆ ತೆಗೆದು, ಕೋನಮಾಪಕ ಇಟ್ಟು, ಪೆನ್ಸಿಲ್ಲಿನಿಂದ ಓರೆ ಗೆರೆ ಎಳೆದು, ಆ ಗೆರೆಗೆ ಒಂದು ಕೂದಲೂ ಆಚೀಚೆಯಾಗದಂತೆ ಚೀಟಿ ಹಚ್ಚಿದೆ. ಗೆರೆಯನ್ನು ರಬ್ಬರಿನಿಂದ ಅಳಿಸಿ, ಬೀದಿಯ ಕೆಂಪು ಡಬ್ಬಿಗೆ ಹಾಕಿ ಬಂದು ಕೈ ತೊಳೆದೆ.