ಹಾಡು ಬೇಕಾದವರು ಕಡಲೆಕಾಯಿ ತನ್ನಿ

ನಮ್ಮ ಸೋದರತ್ತೆಯ ಜೊತೆ ಜಗಳವಾಡಿ ಗೆದ್ದವರು ತಾಳವಾಡಿ ಸುತ್ತಮುತ್ತ ಯಾರೂ ಇಲ್ಲ. ಹಾಗಂತ ಅವಳೇನು ಬಾಯಿ ಜೋರಿನ ಹೆಂಗಸಲ್ಲ. ಎದುರಿನವರು ಕೂಗಾಡುವಷ್ಟು ಹೊತ್ತು ಸುಮ್ಮನೆ ಕೇಳಿಸಿಕೊಂಡು, ಕೊನೆಗೆ ಮೆಲ್ಲಗೆ "ನಿಮ್ಮೆಸ್ರು ಏನಂದ್ರಿ?" ಎನ್ನುತ್ತಾಳೆ, ಅಷ್ಟೇ. ವಿಷಯ ಗೊತ್ತಿಲ್ಲದವರು ಹೆಸರು ಹೇಳಿಬಿಡುತ್ತಾರೆ. ಅಲ್ಲಿಗೆ ಮುಗಿಯಿತು! ಮೂರನೆಯ ದಿನಕ್ಕೆ ಆ ಹೆಸರು ಒಂದು ಹಾಡಿನೊಳಗೆ ಕೂತಿರುತ್ತದೆ, ವಾರದೊಳಗೆ ಊರ ಮಕ್ಕಳ ಬಾಯಲ್ಲಿರುತ್ತದೆ.

ಪಣಕಹಳ್ಳಿಯಲ್ಲಿ ನಮ್ಮ ಮನೆ ಮುಂದೆ ಬಸ್ಸು ನಿಲ್ಲಿಸದೆ ಹೋದ ಕಂಡಕ್ಟರೊಬ್ಬರಿಗೆ ಹೀಗೇ ಆಯಿತು. ಶಾಲೆಯ ಮಕ್ಕಳು ಅವರ ಬಸ್ಸಿನಲ್ಲೇ ಕೂತು ಅವರ ಹಾಡನ್ನು ಅವರಿಗೇ ಹಾಡಿದರು. ಈಗ ಹತ್ತುವವರು ಇರಲಿ, ಇಲ್ಲದಿರಲಿ, ಬಸ್ಸು ನಮ್ಮ ಮನೆ ಮುಂದೆ ನಿಲ್ಲುತ್ತದೆ. ಒಂದು ದಿನ ಅತ್ತೆ ಅಂಗಳ ಗುಡಿಸುತ್ತಿದ್ದಾಗಲೂ ನಿಂತಿತ್ತು. ಕಂಡಕ್ಟರು ಇಳಿದು ಬಂದು, ಬರುತ್ತೀರಾ ಎಂದು ವಿಚಾರಿಸಿ, ಇಲ್ಲವೆಂದ ಮೇಲೆ ಕ್ಷಮೆ ಕೇಳಿ ಹೊರಟರು.

ಅತ್ತೆಗೆ ಓದು ಬರಹ ಅಷ್ಟಕ್ಕಷ್ಟೆ. ಆದರೆ ಅವಳು ಕಟ್ಟಿದ ಹಾಡುಗಳು ತಾಳವಾಡಿಯ ಆಟೋಗಳಲ್ಲಿ, ಚಾಮರಾಜನಗರದ ಮದುವೆ ಮನೆಗಳಲ್ಲಿ, ನಾಟಿ ಮಾಡುವ ಹೆಂಗಸರ ಫೋನುಗಳಲ್ಲಿ ಕೇಳಿಸುತ್ತವೆ. ದೊಡ್ಡ ದೊಡ್ಡ ವೇದಿಕೆಗಳಲ್ಲಿ ಶಾಲು ಹೊದಿಸಿಕೊಂಡು ಬಂದಿದ್ದಾಳೆ. ಇಷ್ಟೆಲ್ಲ ಇದ್ದರೂ ಅವಳಿಗೊಂದು ವಿಚಿತ್ರ ಅಭ್ಯಾಸ. ಕೈಗೆ ಕೆಲಸವಿಲ್ಲದಿದ್ದರೆ ಅವಳಿಗೆ ಹಾಡು ಹುಟ್ಟುವುದಿಲ್ಲ. ಅದೂ ಎಂಥ ಕೆಲಸ? ಕಡಲೆಕಾಯಿ ಸುಲಿಯುವ ಕೆಲಸ! ಹಾಗಾಗಿ ಹಾಡು ಕಟ್ಟಿಸಿಕೊಳ್ಳಲು ಬರುವವರು ಕಡಲೆಕಾಯಿ ಹೊತ್ತುಕೊಂಡೇ ಬರಬೇಕು. ಹೆಣ್ಣಿಗೆ ಅರಿಶಿನ ಹಚ್ಚುವ ಹಾಡಿಗೆ ಒಂದು ಮೊರ ಸಾಕು. ಗಂಡಿನ ಕಡೆಯವರನ್ನು ಕಿಚಾಯಿಸುವ ಹಾಡಾದರೆ ಎರಡು ಮೊರ. ಸುಲಿದ ಬೀಜವನ್ನು ಪೂರ್ತಿ ವಾಪಸು ಕೊಡುತ್ತಾಳೆ, ಸಿಪ್ಪೆ ಮಾತ್ರ ನಮ್ಮ ಹಿತ್ತಿಲಿಗೆ.

ಇಂಥವಳ ಬಳಿಗೆ ಹೋದ ವರ್ಷ ಮೂವರು ಹುಡುಗಿಯರು ಬಂದರು. ತಾಳಮಲೆಯ ಕಡೆಯ ರೇವತಿ, ಅವಳ ಚಿಕ್ಕಪ್ಪನ ಮಗಳು ಜ್ಯೋತಿ, ಇಬ್ಬರ ಗೆಳತಿ ಮಂಜುಳ. ರೇವತಿಯ ಹೆಗಲಲ್ಲಿ ಒಂದು ಹಳೆಯ ಗಿಟಾರು, ಜ್ಯೋತಿಯ ಕೈಯಲ್ಲಿ ಕಂಜಿರ. ಅತ್ತೆ ಗಿಟಾರನ್ನು ಮಡಿಲಲ್ಲಿ ಮಲಗಿಸಿಕೊಂಡು ಹಿಂದೆ ಮುಂದೆ ನೋಡಿ, ಇದರ ಹೊಟ್ಟೆ ಯಾಕೆ ತೂತಾಗಿದೆ ಎಂದು ಮರುಕದಿಂದ ವಿಚಾರಿಸಿದಳು.

ಹುಡುಗಿಯರು ಅತ್ತೆಯದೇ ಹಾಡನ್ನು ಹಾಡಿ ತೋರಿಸಿದರು. ಫೋನಿನಲ್ಲಿ ಕೇಳಿ ಕೇಳಿ ಕಲಿತದ್ದು. ಒಂದಕ್ಷರ ತಪ್ಪಲಿಲ್ಲ. ಎಷ್ಟು ಅಚ್ಚುಕಟ್ಟೆಂದರೆ, ಆ ಹಾಡನ್ನು ಫೋನಿಗೆ ಹಿಡಿದ ದಿನ ನಡುವೆ ಅತ್ತೆಗೆ ಕೆಮ್ಮು ಬಂದಿತ್ತಲ್ಲ, ಆ ಜಾಗ ಬಂದಾಗ ಮೂವರೂ ತಾಳಕ್ಕೆ ಸರಿಯಾಗಿ ಕೆಮ್ಮಿದರು!

ನಾನು ನಗು ತಡೆಯಲಾರದೆ ಒಳಗೆ ಓಡಿದೆ. ಅತ್ತೆ ಮಾತ್ರ ನಗಲಿಲ್ಲ.

"ಕೆಮ್ಮ ನಂಗೇ ಬುಡ್ರವ್ವ," ಅಂದಳು. "ನನ್ನ ಆಡ ಆಡಕೆ ನಾನಿವ್ನಿ. ನಿಮ್ಮದ ಆಡಕೆ ಯಾರವ್ರೆ?"

ತಮ್ಮದು ಎಂಬುದು ಏನೂ ಇಲ್ಲವೆಂದು ಹುಡುಗಿಯರು ತಲೆ ತಗ್ಗಿಸಿದರು. ಅತ್ತೆ ಮೂವರ ಮುಂದೂ ಒಂದೊಂದು ಮೊರ ಇಟ್ಟಳು.

ಆಮೇಲೆ ಶುರುವಾಯಿತು ನೋಡಿ! ಪ್ರತಿ ಭಾನುವಾರ ಮೂವರೂ ಬರುವುದು, ಸುಲಿಯುವುದು, ಹೋಗುವುದು. ಅತ್ತೆ ರಾಗ ಹೇಳಿಕೊಡಲಿಲ್ಲ, ತಾಳ ಹೇಳಿಕೊಡಲಿಲ್ಲ. ವಾರವೆಲ್ಲ ಏನಾಯಿತೆಂದು ಕೇಳುತ್ತಿದ್ದಳು, ಅವರು ಹೇಳುತ್ತಿದ್ದರು. ಒಂದು ತಿಂಗಳಾದ ಮೇಲೆ ರೇವತಿಯ ತಾಯಿ ನಮ್ಮ ಮನೆಗೇ ಬಂದು, ಮಗಳ ಉಗುರು ನೋಡಿದರೆ ಸಂಗೀತ ಕಲಿಯುವವಳ ಹಾಗೆ ಕಾಣುವುದಿಲ್ಲವೆಂದು ನನ್ನ ಹತ್ತಿರ ದೂರಿದರು. ನಾನೇನು ಹೇಳಲಿ? ಇನ್ನೂ ಎರಡು ಮೊರ ಬಾಕಿ ಇದೆ ಅಂದೆ.

ಒಂದು ಭಾನುವಾರ ಹುಡುಗಿಯರು ಎರಡು ತಾಸು ತಡವಾಗಿ ಬಂದರು. ಕಾಡಿನ ದಾರಿಯಲ್ಲಿ ಬಸ್ಸಿಗೆ ಒಂಟಿ ಸಲಗ ಅಡ್ಡ ನಿಂತಿತ್ತಂತೆ. ಡ್ರೈವರು ಎಂಜಿನ್ ಆರಿಸಿದರಂತೆ. ಬಸ್ಸಿನವರೆಲ್ಲ ಉಸಿರು ಬಿಗಿಹಿಡಿದು ಕೂತಿದ್ದಾಗ, ಮುಂದಿನ ಸೀಟಿನ ಮುದುಕಿಯೊಬ್ಬಳು ಕಿಟಕಿಯಿಂದ ಆನೆಗೆ ಕೈಮುಗಿದು, ದಾರಿ ಬಿಡು ದೊಡ್ಡಯ್ಯ, ನಾನು ಮಗಳ ಬಾಣಂತನಕ್ಕೆ ಹೋಗಬೇಕು ಎಂದು ಬೇಡಿಕೊಂಡಳಂತೆ. ಇಷ್ಟನ್ನು ಹೇಳುತ್ತ ಹೇಳುತ್ತ ರೇವತಿಯ ಕೈ ಸುಲಿಯುವುದನ್ನು ನಿಲ್ಲಿಸಿತು. ಅವಳು ಗಿಟಾರು ಎತ್ತಿಕೊಂಡಳು.

ಅವತ್ತು ಹುಟ್ಟಿದ ಹಾಡು ಇದು:

"ದಾರಿ ಬುಡು ದೊಡ್ಡಯ್ಯ, ನಂಗೂ ಒಂದು ಊರದೆ,
ನಿಂಗೆ ಕಾಡು ಅದೆ ಅಂದ್ರೆ, ನಂಗೂ ಒಂದು ಆಡು ಅದೆ."

ಅತ್ತೆ ಅದನ್ನು ಹೊಗಳಲಿಲ್ಲ, ತಿದ್ದಲೂ ಇಲ್ಲ. ಎದ್ದು ಹೋಗಿ ಎಲ್ಲರಿಗೂ ಕಾಫಿ ಕಾಯಿಸಿಕೊಂಡು ಬಂದಳು. ಅತ್ತೆ ತಾನಾಗಿ ಕಾಫಿ ಕಾಯಿಸಿದ್ದನ್ನು ನಮ್ಮ ಮನೆಯಲ್ಲಿ ಅದುವರೆಗೆ ಯಾರೂ ಕಂಡಿರಲಿಲ್ಲ.

ಅದಾದ ಸ್ವಲ್ಪ ದಿನಕ್ಕೆ ಚಾಮರಾಜನಗರದಲ್ಲಿ ಒಂದು ದೊಡ್ಡ ಕಾರ್ಯಕ್ರಮಕ್ಕೆ ಅತ್ತೆಗೆ ಕರೆ ಬಂತು. ಹುಡುಗಿಯರೂ ಹಾಡುವುದಾದರೆ ಬರುತ್ತೇನೆ ಅಂದಳು. ಜನ ಬರುವುದು ನಿಮಗಾಗಿ, ಈ ಮಕ್ಕಳನ್ನು ಇನ್ನೊಂದು ಸಲ ನೋಡೋಣ ಎಂದು ಸಂಘಟಕರು ಫೋನಿನಲ್ಲಿ ಜಾರಿಕೊಳ್ಳಲು ನೋಡಿದರು. ಅತ್ತೆ ಸಮಾಧಾನವಾಗಿ ಅವರ ಹೆಸರು ಕೇಳಿದಳು. ಅವರ ಪಕ್ಕದಲ್ಲಿ ಅತ್ತೆಯ ವಿಷಯ ಬಲ್ಲ, ನಮ್ಮ ಕಡೆಯ ಗೆಟ್ಟವಾಡಿಯವರು ಯಾರೋ ಇದ್ದರೆಂದು ಕಾಣುತ್ತದೆ. ಹತ್ತೇ ನಿಮಿಷದಲ್ಲಿ ಮತ್ತೆ ಫೋನು ಬಂತು. ಹುಡುಗಿಯರಿಗೆ ಒಂದು ಹಾಡು, ಐದು ನಿಮಿಷ.

ಸಭಾಂಗಣ ತುಂಬಿತ್ತು. ಅತ್ತೆ ಎರಡು ಹಾಡು ಹಾಡಿ, ಇನ್ನು ಇವರದು ಎಂದು ಹೇಳಿ ವೇದಿಕೆಯ ಪಕ್ಕಕ್ಕೆ ಬಂದು ನಿಂತಳು. ಮೂವರೂ ಮೈಕಿನ ಮುಂದೆ ನಿಂತರು. ರೇವತಿ ತಂತಿ ಮೀಟಿದಳು, ಬಾಯಿ ತೆರೆದಳು. ದನಿ ಬರಲಿಲ್ಲ. ಮತ್ತೆ ತೆರೆದಳು, ಬರಲಿಲ್ಲ. ಸಭೆಯಲ್ಲಿ ಗುಸುಗುಸು ಎದ್ದಿತು, ಹಿಂದಿನ ಸಾಲಿನಲ್ಲಿ ಯಾರೋ ಸಿಳ್ಳೆ ಹಾಕಿದರು. ಸಂಘಟಕರು ಓಡಿಬಂದು, ನೀವೇ ಹೋಗಿ ಹಾಡಿಬಿಡಿ ಎಂದು ಅತ್ತೆಯನ್ನು ಅವಸರಪಡಿಸಿದರು. ಅತ್ತೆ ಅವರ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಇರಿ ಸ್ವಾಮಿ. ಅದು ಅವಳ ಆಡು. ಅವಳೇ ಆಡ್ಬೇಕು."

ಎಷ್ಟು ಹೊತ್ತಾಯಿತೋ, ನನಗಂತೂ ಒಂದು ಯುಗವಾಯಿತು. ಆಮೇಲೆ ಜ್ಯೋತಿಯ ಬೆರಳು ಕಂಜಿರದ ಮೇಲೆ ಮೆಲ್ಲಗೆ ಆಡತೊಡಗಿತು. ಮಂಜುಳ ಹಮ್ಮಿಂಗ್ ಹಿಡಿದಳು. ರೇವತಿ ಕಣ್ಣು ಮುಚ್ಚಿ, "ದಾರಿ ಬುಡು ದೊಡ್ಡಯ್ಯ" ಅಂದಳು.

ಮೊದಲ ಸಲ ಸಭೆ ಸುಮ್ಮನಿತ್ತು. ಎರಡನೆಯ ಸಲ ಹೆಂಗಸರ ಸಾಲು ಕದಲಿತು. ಮೂರನೆಯ ಸಲ ಹಾಡಿದ್ದು ಇಡೀ ಸಭೆ! ಆನೆಯನ್ನು ಕಣ್ಣಿಂದ ಕಾಣದವರೂ ಹಾಡಿದರು. ತಮ್ಮ ತಮ್ಮ ದಾರಿಗೆ ಅಡ್ಡ ನಿಂತ ದೊಡ್ಡಯ್ಯ ಎಲ್ಲರಿಗೂ ಒಬ್ಬೊಬ್ಬ ಇರುತ್ತಾನಲ್ಲ! ರೇವತಿಯ ತಾಯಿ ಎದ್ದು ನಿಂತು, ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತಲೇ ಚಪ್ಪಾಳೆ ತಟ್ಟುತ್ತಿದ್ದರು. ಐದು ನಿಮಿಷದ ಹಾಡನ್ನು ಜನ ಮೂರು ಸಲ ಹಾಡಿಸಿದರು. ಸಂಘಟಕರು ಗಡಿಯಾರ ನೋಡುವುದನ್ನು ಮರೆತು ತಾವೂ ತಾಳ ಹಾಕುತ್ತಿದ್ದರು, ಒಂದೇ ಕೈಯಲ್ಲಿ. ಇನ್ನೊಂದನ್ನು ಅತ್ತೆ ಬಿಟ್ಟಿರಲಿಲ್ಲ.

ಮುಗಿದ ಮೇಲೆ ಕಾಲೇಜಿನ ನಾಲ್ಕೈದು ಹುಡುಗಿಯರು ವೇದಿಕೆಯ ಕಡೆ ಓಡಿಬಂದರು. ಅತ್ತೆಯ ಜೊತೆ ಫೋಟೊ ತೆಗೆಸಿಕೊಳ್ಳಲು ಇರಬೇಕೆಂದು ನಾನು ಅವಳ ಸೆರಗು ಸರಿಮಾಡಿದೆ. ಅವರು ನಮ್ಮನ್ನು ದಾಟಿಕೊಂಡು ನೇರ ರೇವತಿಯ ಬಳಿಗೆ ಹೋದರು. ತಾವೂ ಹಾಡು ಕಟ್ಟಬೇಕು, ಹೇಗೆ ಕಟ್ಟುವುದು ಎಂದು ಮುತ್ತಿಕೊಂಡು ಕೇಳಿದರು. ರೇವತಿ ಸ್ವಲ್ಪ ಯೋಚಿಸಿ, ಬಹಳ ಗಂಭೀರವಾಗಿ ಹೇಳಿದಳು: "ಮೊದ್ಲು ಒಂದು ಮೊರ ಕಡ್ಲೆಕಾಯಿ ತಕ್ಕೊಳ್ಳಿ."

ಅತ್ತೆಯ ಮುಖ ಅವತ್ತು ಅರಳಿದಷ್ಟು ಯಾವ ಶಾಲಿಗೂ ಅರಳಿರಲಿಲ್ಲ.

ಸಂಜೆಯ ಬಿಸಿಲಿನಲ್ಲಿ ಬಸ್ಸು ಹತ್ತಿದೆವು. ಹುಡುಗಿಯರು ಹಿಂದಿನ ಸೀಟಿನಲ್ಲಿ ಗದ್ದಲ ಮಾಡುತ್ತಿದ್ದರು. ಅತ್ತೆ ನನ್ನ ಪಕ್ಕ ಕಿಟಕಿಯ ಕಡೆ ಕೂತಿದ್ದಳು. ಹೊರಗಡೆಗೇ ಮುಖ ಮಾಡಿಕೊಂಡು ಮಾತು ತೆಗೆದಳು.

"ಕೂಸೆ, ಆರನೇ ಕ್ಲಾಸಲ್ಲಿ ನೀನೊಂದು ಆಡು ಕಟ್ಟಿದ್ದೆ. ಗ್ಯಾನ ಅದಾ?"

ನನಗೆ ನೆನಪಿರಲಿಲ್ಲ. ನನಗೀಗ ನಲವತ್ತೆರಡು. ಅತ್ತೆ ದನಿ ತಗ್ಗಿಸಿ, ನಮ್ಮ ಮನೆಯ ಕುಂಟು ಕರುವಿನ ಮೇಲೆ ನಾನು ಕಟ್ಟಿದ ನಾಲ್ಕು ಸಾಲನ್ನು, ನಾನು ಹಾಡಿದ್ದ ರಾಗದಲ್ಲೇ ಹಾಡಿದಳು. ಒಂದು ಸಾಲೂ ಬಿಡಲಿಲ್ಲ.

"ಅವತ್ತು ಎಲ್ಲರ ಮುಂದೆ ನಾನು ನಕ್ಕುಬುಟ್ಟೆ," ಅಂದಳು. "ಆಮೇಲಿಂದ ನೀನು ಆಡಲೇ ಇಲ್ಲ. ನಗಬಾರದಾಗಿತ್ತು ಕಣವ್ವ."

ಅತ್ತೆ ಈಗ ನನ್ನ ಕಡೆ ತಿರುಗಿದಳು. ಆ ಹಾಡಿಗೆ ಎರಡನೇ ನುಡಿ ಮಾಡಿದ್ದೆಯಾ ಎಂದು ಕೇಳಿದಳು. ಇಲ್ಲ ಅಂದೆ.

ಅವಳು ನನ್ನ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು.

"ಮಾಡು. ಊರು ಬರಕೆ ಇನ್ನೂ ಒತ್ತು ಅದೆ."