ಹತ್ತು ಸ್ವಿಚ್ಚಿನ ಪೆಟ್ಟಿಗೆಯ ಮೇಲೆ ಕ್ಷಮೆ ಕೇಳಲು ಜಾಗವಿಲ್ಲದ ಬಗ್ಗೆ

ಗೆ,
ಮುಖ್ಯ ವಿನ್ಯಾಸಕರು,
ಗಿಟಾರ್ ನುಡಿಸುವವರ ಕಾಲಿಗೆಂದು ಸ್ವಿಚ್ಚಿನ ಪೆಟ್ಟಿಗೆ ತಯಾರಿಸುವ ಕಂಪನಿ.
(ತಮ್ಮ ವಿಳಾಸವು ಪೆಟ್ಟಿಗೆಯ ಮುಂಬದಿಯಲ್ಲಿ ಅಚ್ಚಾಗಿದ್ದು, ಸದ್ಯ ಅರಿಶಿನ ಕುಂಕುಮದಡಿ ಮುಚ್ಚಿಹೋಗಿರುವುದರಿಂದ ಈ ಪತ್ರವನ್ನು ಬಹಿರಂಗವಾಗಿ ಬರೆಯಬೇಕಾಯಿತು.)

ಮಾನ್ಯರೇ,

ತಾವೂ ತಮ್ಮ ಮನೆಯವರೂ ತಮ್ಮ ಕಾರ್ಖಾನೆಯ ಸಮಸ್ತರೂ ಕ್ಷೇಮವೆಂದು ನಂಬಿ ಅರಸೀಕೆರೆಯಿಂದ ಮಾಡುವ ನಮಸ್ಕಾರಗಳು. ನಾನು ಇಲ್ಲಿನ ಒಂದು ಕೊಬ್ಬರಿ ಮಂಡಿಯಲ್ಲಿ ಪತ್ರವ್ಯವಹಾರ ನೋಡಿಕೊಳ್ಳುವವಳು. ಬೂಷ್ಟು ಹಿಡಿದ ಕೊಬ್ಬರಿ ಕಳಿಸಿದವರಿಗೂ ಮೊದಲು ಮಳೆ ಬೆಳೆ, ಮಕ್ಕಳ ಓದು ವಿಚಾರಿಸಿ ಆಮೇಲೆಯೇ ಬೂಷ್ಟಿನ ಮಾತು ಎತ್ತಬೇಕೆಂಬುದು ನಮ್ಮ ಸಾಹುಕಾರರ ಕಟ್ಟಪ್ಪಣೆ. ಆದಕಾರಣ ಮೊದಲು ತಮ್ಮ ಕ್ಷೇಮ ವಿಚಾರಿಸಿದ್ದೇನೆ. ಬೂಷ್ಟು ಇನ್ನು ಮುಂದೆ ಬರುತ್ತದೆ.

ಮಂಡಿಯ ಕೆಲಸ ಮುಗಿದ ಮೇಲೆ ನಾನು 'ಜಂಕ್ಷನ್ ಮೆಲೋಡೀಸ್' ಎಂಬ ನಮ್ಮೂರ ವಾದ್ಯವೃಂದದಲ್ಲಿ ಗಿಟಾರ್ ನುಡಿಸುತ್ತೇನೆ. ಮದುವೆ, ಗಣೇಶನ ಪೆಂಡಾಲು, ರಾಜ್ಯೋತ್ಸವ ಎಲ್ಲಿ ಕರೆದರೂ ನಾವು ಹಾಜರು. ನನ್ನ ಬಳಿ ಗಿಟಾರಿನ ದನಿ ಬದಲಾಯಿಸುವ ಡಿಜಿಟಲ್ ಯಂತ್ರವೊಂದಿದ್ದು, ಅದು ಒಂದೇ ತಂತಿಯನ್ನು ಒಮ್ಮೆ ತಣ್ಣಗೆ ನುಡಿಸಿ ಮರುಗಳಿಗೆ ಘರ್ಜಿಸುವಂತೆ ಮಾಡಬಲ್ಲದು. ಆದರೆ ನುಡಿಸುವವಳ ಎರಡು ಕೈಯೂ ಗಿಟಾರಿನ ಮೇಲೆಯೇ ಇರುವುದರಿಂದ, ಹಾಡಿನ ನಡುವೆ ದನಿ ಬದಲಾಯಿಸಬೇಕೆಂದರೆ ಕಾಲನ್ನೇ ನಂಬಬೇಕು. ಇಷ್ಟು ವರ್ಷ ಒಂದು ಹಾಡಿಗೆ ಒಂದೇ ದನಿ ಎಂದು ಹೇಗೋ ಸಂಸಾರ ತೂಗಿಸಿದ್ದೆ. ಅಷ್ಟರಲ್ಲಿ ನಮ್ಮ ಕೀಬೋರ್ಡಿನ ಇಂದ್ರೇಶ ಹೊಸ ಕೀಬೋರ್ಡು ತಂದ. ಅದರಲ್ಲಿ 'ಗಿಟಾರ್' ಎಂಬ ಬಟನ್ನೇ ಇತ್ತು, ಅದನ್ನಿಟ್ಟವರು ಪಾಪಿಗಳು!

ವಾದ್ಯವೃಂದದ ಯಜಮಾನರೂ ಗಾಯಕರೂ ಆದ ಉದಯಕುಮಾರ್ ಅವರು ಒಳ್ಳೆಯವರು. ಕೆಟ್ಟ ಸುದ್ದಿಯನ್ನು ಕಾಫಿ ಕೊಡಿಸಿಯೇ ಹೇಳುತ್ತಾರೆ. "ನೋಡವ್ವ ಕೋಮಲ, ಬೇಲೂರಿನ ರಿಸೆಪ್ಷನ್ ದೊಡ್ಡ ಪಾರ್ಟಿದು. ಅಷ್ಟೊತ್ಗೆ ಹಾಡಿನ ಮಧ್ಯ ಸೌಂಡ್ ಬದಲಾಯ್ಸೋದು ಕಲ್ತ್ಕೊ. ಆಗ್ಲಿಲ್ಲ ಅಂದ್ರೆ ಮುಂದಿಂದಕ್ಕೆ ಇಂದ್ರೇಶನ ಬಟನ್ನೇ ಸಾಕು" ಎಂದರು. ಹನ್ನೆರಡನೇ ತರಗತಿಯಿಂದ ಬೆರಳು ಸವೆಸಿಕೊಂಡು ಕಲಿತ ವಿದ್ಯೆ ಒಂದು ಬಟನ್ನಿಗೆ ಸೋಲುವುದೇ? ಅವತ್ತಿನ ಕಾಫಿಯನ್ನು ಅರ್ಧಕ್ಕೇ ಬಿಟ್ಟು ಎದ್ದುಬಂದೆ.

ಹೀಗೆ ತಮ್ಮ ಕಂಪನಿಯ ಬಾಗಿಲಿಗೆ ಬಂದೆ. ತಮ್ಮಲ್ಲಿ ಆ ಯಂತ್ರಕ್ಕೆ ಜೋಡಿಸಿ ಕಾಲಿನಿಂದ ಒತ್ತುವ ಎರಡು ಬಗೆಯ ಪೆಟ್ಟಿಗೆಗಳಿದ್ದವು: ಎರಡೇ ಸ್ವಿಚ್ಚಿನ ಸಣ್ಣದು, ಹತ್ತು ಸ್ವಿಚ್ಚಿನ ಉದ್ದದ್ದು. ಯಾವುದನ್ನು ಆರಿಸಬೇಕೆಂದು ತಿಳಿಯಲು ತಮ್ಮ ವಿಡಿಯೋಗಳನ್ನೆಲ್ಲ ನೋಡಿದೆ. ಪ್ರತಿಯೊಂದರಲ್ಲೂ ಗಡ್ಡದ ಮಹನೀಯರೊಬ್ಬರು ದಪ್ಪ ಬೂಟು ತೊಟ್ಟು ಸ್ವಿಚ್ಚನ್ನು ಜಿರಲೆ ತುಳಿದಂತೆ ತುಳಿಯುತ್ತಿದ್ದರು. ನಮ್ಮಲ್ಲಿ ವೇದಿಕೆಯೆಂದರೆ ಮೂಲೆಯಲ್ಲಿ ದೇವರ ಪಟ, ಮುಂದೆ ದೀಪ. ಚಪ್ಪಲಿ ಮೆಟ್ಟಿಲ ಕೆಳಗೇ ಬಿಡಬೇಕು. ಬರಿಗಾಲಿನವರಿಗೆ, ಅದರಲ್ಲೂ ಕಾಲುಂಗುರ ತೊಟ್ಟವರಿಗೆ ಯಾವುದು ಹಿತವೆಂದು ಆ ಮಹನೀಯರು ಒಂದು ಮಾತೂ ಹೇಳಲಿಲ್ಲ. ಕೊನೆಗೆ ನಾನೇ ಅಳತೆ ನೋಡಿ ಅಂಗಳದಲ್ಲಿ ಎರಡೂ ಪೆಟ್ಟಿಗೆಗಳ ಸ್ವಿಚ್ಚುಗಳನ್ನು ರಂಗೋಲಿ ಚುಕ್ಕಿಯಲ್ಲಿ ಇಟ್ಟು, ಗಿಟಾರ್ ನೇತುಹಾಕಿಕೊಂಡು ಅವುಗಳ ಮೇಲೆ ಹೆಜ್ಜೆಯ ತಾಲೀಮು ನಡೆಸಿದೆ. ಎದುರುಮನೆಯ ಲಲಿತಮ್ಮನವರು ಇದು ಯಾವುದೋ ಹೊಸ ವ್ರತವೆಂದು ತಿಳಿದು ಮಾರನೆಯ ದಿನ ತಮ್ಮ ಬಾಗಿಲಲ್ಲೂ ಹನ್ನೆರಡು ಚುಕ್ಕಿ ಇಟ್ಟರು. ನಮ್ಮ ಅತ್ತೆ ಕೆಂಪಲಕ್ಷ್ಮಮ್ಮನವರು ಮಾತ್ರ ಒಳಗಿನಿಂದಲೇ, "ರಂಗೋಲೆ ತುಳೀತಾ ಕುಣೀತಿಯಲ್ಲೇ ತಾಯಿ, ಮನೇಗೆ ಒಳ್ಳೇದಾಯ್ತದಾ?" ಎಂದು ಗದರಿದರು. ಆ ಗದರಿಕೆಯಲ್ಲೇ ನಾನು ಬುದ್ಧಿ ಕಲಿಯಬೇಕಿತ್ತು.

ಹತ್ತು ಸ್ವಿಚ್ಚಿನ ಪೆಟ್ಟಿಗೆಯನ್ನೇ ಆರಿಸಿದೆ. ಅದಕ್ಕೆ ಕಾರಣ ತಮ್ಮ ವರ್ಣನೆಯ ಎರಡು ವಾಕ್ಯಗಳು. 'ಹೂ ತಾಗಿದರೂ ಸಾಕು, ಸ್ವಿಚ್ಚು ಸ್ಪಂದಿಸುತ್ತದೆ' ಎಂಬುದು ಒಂದು. 'ಮೇಲ್ಮೈಯಲ್ಲಿ ಒಂದಂಗುಲವೂ ವ್ಯರ್ಥವಿಲ್ಲ' ಎಂಬುದು ಇನ್ನೊಂದು. ಎರಡೂ ಅಕ್ಷರಶಃ ಸತ್ಯವೆಂದು ಇಂದು ಪ್ರಮಾಣ ಮಾಡಿ ಹೇಳಬಲ್ಲೆ. ಸುಳ್ಳು ಜಾಹೀರಾತಿನಿಂದ ಹಾಳಾದವರನ್ನು ಕಂಡಿದ್ದೇನೆ, ನಿಜವಾದ ಜಾಹೀರಾತಿನಿಂದ ಹಾಳಾದವಳು ನಾನೊಬ್ಬಳೇ ಇರಬೇಕು.

ಪೆಟ್ಟಿಗೆ ಬಂದದ್ದು ಆಯುಧಪೂಜೆಯ ಹಿಂದಿನ ದಿನ. ಪೂಜೆಗೆ ನಮ್ಮತ್ತೆ ತಮ್ಮ ಹೊಲಿಗೆ ಮಿಷನ್ನು, ನನ್ನವರ ಬೈಕು, ಕುಡುಗೋಲು, ಈಳಿಗೆಮಣೆ, ನನ್ನ ಗಿಟಾರು ಎಲ್ಲವನ್ನೂ ಸಾಲಾಗಿ ಇಟ್ಟು, ತಮ್ಮ ಪೆಟ್ಟಿಗೆಯನ್ನೂ ಕರೆಂಟಿಗೆ ಚುಚ್ಚಿದ ಹಾಗೆಯೇ ತಂದಿಟ್ಟು, ಅರಿಶಿನ ಕುಂಕುಮ ಹಚ್ಚಿ ಒಂದು ಚೆಂಡುಹೂವು ಇಟ್ಟರು. ಹೂ ತಾಗಿದ್ದೇ ತಡ, ಸ್ವಿಚ್ಚಿನ ಹಸಿರು ದೀಪ ಜಗ್ಗನೆ ಹತ್ತಿಕೊಂಡಿತು. ಈಳಿಗೆಮಣೆಯಾಗಲಿ ಬೈಕಾಗಲಿ ಇಷ್ಟು ವರ್ಷದಲ್ಲಿ ಹೀಗೆ ಪ್ರಸಾದ ಕೊಟ್ಟದ್ದಿಲ್ಲ. ಅತ್ತೆಯವರು ಕೆನ್ನೆ ಕೆನ್ನೆ ಬಡಿದುಕೊಂಡು, "ಒಪ್ಕಂಡೈತೆ ಕಣವ್ವ, ಸರಸ್ವತಿ ಒಪ್ಕಂಡವ್ಳೆ!" ಎಂದು ಅಡ್ಡಬಿದ್ದರು.

ಈಗ ಹೇಳಿ ಮಾನ್ಯರೇ, ಇಷ್ಟಾದ ಮೇಲೆ ಅದರ ಮೇಲೆ ಕಾಲಿಡುವುದು ಹೇಗೆ? ಪುಸ್ತಕಕ್ಕೆ ಕಾಲು ತಾಗಿದರೂ ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ಜನ ನಾವು. ನನ್ನವರಾದ ದೇವೇಂದ್ರ ಅವರು ನನ್ನ ಪರ ವಕಾಲತ್ತು ವಹಿಸಿ, "ಅಲ್ಲಾ ಅವ್ವ, ನೀನು ಹೊಲ್ಗೆ ಮಿಷನ್ ದಿನಾ ತುಳಿಯಲ್ವಾ? ಅದಕ್ಕೂ ಪೂಜೆ ಮಾಡಲ್ವಾ?" ಎಂದು ಕೇಳಿದರು. ಅತ್ತೆ ಸೋಲುವವರಲ್ಲ. "ತುಳೀತೀನಿ ಕಣ್ಲಾ. ತುಳಿಯೋ ಮುಂಚೆ ಮುಟ್ಟಿ ಕಣ್ಗೊತ್ಕಂತೀನಿ. ಒಂದ್ಸತಿ ಕಾಲಿಟ್ರೆ ರವಿಕೆ ಮುಗಿಯೋವರ್ಗೂ ಎತ್ತಲ್ಲ, ಅದು ಒಂದೇ ತುಳಿತ. ಇವ್ಳದ್ದು ಹಂಗಲ್ಲ, ಎತ್ತೋದು ಇಡೋದು, ಎತ್ತೋದು ಇಡೋದು. ಇಟ್ಟಾಗೆಲ್ಲ ಕ್ಷಮೆ ಕೇಳ್ಬೇಕು" ಎಂದು ತೀರ್ಪು ಕೊಟ್ಟರು. ಇದರ ಮೇಲೆ ಅಪೀಲು ನಮ್ಮ ತಾಲ್ಲೂಕಿನಲ್ಲಿ ಎಲ್ಲೂ ಇಲ್ಲ.

ಒಪ್ಪಿಕೊಂಡೆ. ತುಳಿದಾಗಲೆಲ್ಲ ಬಗ್ಗಿ ಮುಟ್ಟಿ ಕಣ್ಣಿಗೊತ್ತಿಕೊಂಡರೆ ಆಯಿತು, ಅದೇನು ಮಹಾ ಎಂದುಕೊಂಡೆ. ಮನೆಯಲ್ಲಿ ಹಾಗೆಯೇ ಅಭ್ಯಾಸವನ್ನೂ ಮಾಡಿದೆ, ಆದರೆ ಅಕ್ಕಪಕ್ಕದವರಿಗೆ ತೊಂದರೆಯಾಗದಿರಲೆಂದು ಯಂತ್ರದ ಸದ್ದು ಆರಿಸಿಟ್ಟು. ಸದ್ದಿನೊಡನೆ ಮೊದಲ ಬಾರಿ ನುಡಿಸಿದ್ದು ಬಾಣಾವರದ ರಾಜ್ಯೋತ್ಸವದಲ್ಲಿ. ನಾಡಿನ ಹಾಡಿನ ನಡುವೆ ಗಿಟಾರ್ ಘರ್ಜಿಸಬೇಕಾದ ಜಾಗ ಬಂತು. ಎಡಗಾಲಿನಿಂದ ತುಳಿದೆ, ಗಿಟಾರ್ ಘರ್ಜಿಸಿತು. ಕೂಡಲೇ ಬಗ್ಗಿ ಅದೇ ಸ್ವಿಚ್ಚನ್ನು ಭಕ್ತಿಯಿಂದ ಮುಟ್ಟಿದೆ, ಘರ್ಜನೆ ನಿಂತುಹೋಯಿತು. ಮತ್ತೆ ತುಳಿದೆ, ಘರ್ಜಿಸಿತು. ಮತ್ತೆ ಮುಟ್ಟಿದೆ, ಗಪ್‌ಚಿಪ್. ತಮ್ಮ ಯಂತ್ರಕ್ಕೆ ತುಳಿತವೂ ಒಂದೇ, ಕ್ಷಮಾಪಣೆಯೂ ಒಂದೇ. ನನ್ನ ಸಂಗೀತವೆಲ್ಲ ಪಾಪಕ್ಕೂ ಪ್ರಾಯಶ್ಚಿತ್ತಕ್ಕೂ ನಡುವೆ ಸಿಕ್ಕಷ್ಟು ಮಾತ್ರ. ಸ್ವಿಚ್ಚು ಬಿಟ್ಟು ಪಕ್ಕದಲ್ಲಿ ಮುಟ್ಟೋಣವೆಂದರೆ ಅಲ್ಲಿ ಇನ್ನೊಂದು ಸ್ವಿಚ್ಚು, ಅದು ತಾಗಿ ನುಡಿಸಿದ ಸ್ವರವೆಲ್ಲ ಬಾವಿಗೆ ಕೂಗಿದಂತೆ ಮತ್ತೆ ಮತ್ತೆ ಕೇಳತೊಡಗಿತು. ಒಂದಂಗುಲವೂ ವ್ಯರ್ಥವಿಲ್ಲ ಎಂದು ತಾವು ಬರೆದಿದ್ದಿರಿ ನೋಡಿ, ಆ ವ್ಯರ್ಥವಾದ ಒಂದಂಗುಲವೇ ನನಗೆ ಬೇಕಿತ್ತು. ಎರಡು ಸ್ವಿಚ್ಚಿನ ಸಣ್ಣ ಪೆಟ್ಟಿಗೆಯ ನಡುವೆ ಅಂಗೈಯಗಲ ಖಾಲಿ ತಗಡಿತ್ತು. ಅಂಗಳದಲ್ಲಿ ತುಳಿಯುವುದನ್ನಷ್ಟೇ ಪರೀಕ್ಷೆ ಮಾಡಿದ ಜಾಣೆ ನಾನು, ಕ್ಷಮೆ ಕೇಳುವುದಕ್ಕೆ ಚುಕ್ಕಿ ಇಡಲೇ ಇಲ್ಲ.

ಪ್ರೇಕ್ಷಕರಿಗೇನೋ ಖುಷಿಯೇ ಆಯಿತು. ನಾನು ತಾಯಿ ಭುವನೇಶ್ವರಿಯ ಪಟಕ್ಕೆ ಬಗ್ಗಿ ಬಗ್ಗಿ ನಮಸ್ಕರಿಸುತ್ತಿದ್ದೇನೆಂದು ತಿಳಿದು, "ಏನ್ ಭಕ್ತಿ ಕಣ್ರೀ ಆ ಹೆಣ್ಮಗೀಗೆ!" ಎಂದು ಚಪ್ಪಾಳೆ ತಟ್ಟಿದರು. ಇಂದ್ರೇಶ ಮಾತ್ರ ನಗುನಗುತ್ತಲೇ ತನ್ನ ಬಟನ್ನು ಒತ್ತಿ, ನನ್ನ ಗಿಟಾರಿನ ಭಾಗವನ್ನು ತಾನೇ ನುಡಿಸಿ ಹಾಡನ್ನು ದಡ ಸೇರಿಸಿದ. ಉದಯಕುಮಾರ್ ಅವರು ಅಂದು ಕಾಫಿ ಕೊಡಿಸಲಿಲ್ಲ. "ಬೇಲೂರೊಂದು ಐತೆ, ನೋಡಣ" ಎಂದಷ್ಟೇ ಹೇಳಿ ಟೆಂಪೋ ಹತ್ತಿದರು.

ಹೀಗಿರುವಲ್ಲಿ ತಮ್ಮಂಥ ಮಹಾ ಮೇಧಾವಿಗಳಲ್ಲಿ ನನ್ನ ಸವಿನಯ ಕೋರಿಕೆಗಳು ಇಂತಿವೆ. ಮೊದಲಿಗೆ ಈ ಪೆಟ್ಟಿಗೆಯನ್ನು ಎರಡು ಸ್ವಿಚ್ಚಿನದ್ದಕ್ಕೆ ಬದಲಾಯಿಸಿಕೊಡಬೇಕು. ಕಾಲ್ಬೆರಳು ತಾಗಿದರೆ ಅದನ್ನು ಅಪ್ಪಣೆಯೆಂದೂ, ಕೈಬೆರಳು ತಾಗಿದರೆ ಅದನ್ನು ಪಶ್ಚಾತ್ತಾಪವೆಂದೂ ತಿಳಿಯುವಷ್ಟು ಸಂಸ್ಕಾರವನ್ನು ಮುಂದಿನ ಪೆಟ್ಟಿಗೆಗಳಿಗೆ ಕಾರ್ಖಾನೆಯಲ್ಲೇ ಕಲಿಸಿ ಕಳಿಸಬೇಕು. ಅದು ಕಷ್ಟವಾದಲ್ಲಿ ಪೆಟ್ಟಿಗೆಯ ಬಲಮೂಲೆಯಲ್ಲಿ ಬೆರಳಗಲದ ಜಾಗವನ್ನು ಯಾವ ಸ್ವಿಚ್ಚೂ ಇಲ್ಲದೆ ಖಾಲಿ ಬಿಟ್ಟು, ಬೇಕಿದ್ದರೆ ಅದಕ್ಕೆ ಹೆಚ್ಚಿನ ಸೌಲಭ್ಯವೆಂದು ದೊಡ್ಡ ಹೆಸರಿಟ್ಟುಕೊಳ್ಳಬಹುದು, ನಮ್ಮ ಅಭ್ಯಂತರವಿಲ್ಲ. ತುಳಿದ ತಕ್ಷಣ ಪೆಟ್ಟಿಗೆಯೇ "ಇರ್ಲಿ ಬಿಡವ್ವ, ಪರ್ವಾಗಿಲ್ಲ" ಎಂದು ನಮ್ಮತ್ತೆಗೆ ಕೇಳುವಷ್ಟು ಗಟ್ಟಿಯಾಗಿ ಹೇಳುವಂತಿದ್ದರೆ ಇನ್ನೂ ಉತ್ತಮ. ಆ ಗಡ್ಡದ ಮಹನೀಯರನ್ನು ಬೂಟು ಬಿಚ್ಚಿಸಿ ಒಮ್ಮೆ ಇತ್ತ ಕಳಿಸಿದರೆ, ಬಿಸಿಲಿಗೆ ಕಾದ ವೇದಿಕೆಯ ತಗಡಿನ ಮೇಲೆ ನಿಲ್ಲಿಸಿ ಉಪಚರಿಸುವ ಹೊಣೆ ನನ್ನದು.

ಪತ್ರವನ್ನು ಇಷ್ಟಕ್ಕೇ ಮುಗಿಸುವವಳಿದ್ದೆ, ಆದರೆ ತಮ್ಮ ಉತ್ತರಕ್ಕೆ ಕಾಯುವಷ್ಟು ಬೇಲೂರಿನವರಿಗೆ ಪುರುಸೊತ್ತಿರಲಿಲ್ಲ. ರಿಸೆಪ್ಷನ್ನಿನ ದಿನ ಅತ್ತೆಯವರೂ "ನಾನೂ ಬತ್ತೀನಿ" ಎಂದು ನಮ್ಮ ಟೆಂಪೋ ಹತ್ತಿದರು. ಜಾವಗಲ್ಲು ದಾಟಿ ಹಳೇಬೀಡು ಬರುವ ಹೊತ್ತಿಗೆ ನನ್ನ ಕಣ್ಣಲ್ಲಿ ನೀರು ತುಂಬಿತ್ತು. ಅತ್ತೆ ಕಡಲೆಕಾಯಿ ಸುಲಿಯುತ್ತ ಕುಳಿತವರು, "ಯಾಕವ್ವ, ಇದೇ ಕೊನೇದಾ?" ಎಂದು ಕೇಳಿದರು. ಹೌದೆಂದು ತಲೆಯಾಡಿಸಿದೆ. ತುಳಿದರೆ ನಿಮಗೆ ನೋವು, ಮುಟ್ಟಿದರೆ ಹಾಡು ಹಾಳು, ನಾನೇನು ಮಾಡಲಿ ಎಂದು ಅತ್ತೇಬಿಟ್ಟೆ. ಅವರು ಮಡಿಲಿನ ಸಿಪ್ಪೆ ಕೊಡವಿಕೊಂಡು ಹೇಳಿದ ಮಾತನ್ನು ಇದ್ದ ಹಾಗೆಯೇ ಬರೆಯುತ್ತಿದ್ದೇನೆ: "ನೀನು ತುಳಿ. ಕ್ಷಮೆ ನಾನು ಕೇಳ್ಕಂತೀನಿ."

ಅಂದು ಕೆಂಪಲಕ್ಷ್ಮಮ್ಮನವರು ಛತ್ರದ ಮೊದಲ ಸಾಲಿನ ನಟ್ಟನಡುವಿನ ಕುರ್ಚಿಯಲ್ಲಿ, ಗಂಡಿನ ಕಡೆಯವರು ಎಷ್ಟು ಹೇಳಿದರೂ ಏಳದೆ, ನನ್ನ ಕಾಲಿನ ಮೇಲೇ ಕಣ್ಣಿಟ್ಟು ಕುಳಿತರು. ನಾನು ತುಳಿದೆ. ಗಿಟಾರ್ ಘರ್ಜಿಸಿತು. ಕೆಳಗೆ ಅತ್ತೆ ಎರಡೂ ಕೈ ಮುಗಿದು ಕಣ್ಣಿಗೊತ್ತಿಕೊಂಡರು. ನನ್ನ ಬೆನ್ನು ರೂಢಿಯಂತೆ ಬಗ್ಗಲು ಹೊರಟರೆ, ಅಲ್ಲಿಂದಲೇ ಕಣ್ಣು ಬಿಟ್ಟು ನೆಟ್ಟಗೆ ನಿಲ್ಲಿಸಿದರು. ಮತ್ತೆ ತುಳಿದೆ, ಮತ್ತೆ ಕೈಮುಗಿದರು. ಹಿರಿಯರೊಬ್ಬರು ಕೈಮುಗಿಯುತ್ತಿದ್ದಾರೆಂದರೆ ಏನೋ ಕಾರಣವಿರಬೇಕೆಂದು ಪಕ್ಕದ ಅಜ್ಜಿಯೂ ಮುಗಿದರು, ಆಚೆಯ ಯಜಮಾನರೂ ಮುಗಿದರು. ಕೊನೆಕೊನೆಗೆ ನನ್ನ ಗಿಟಾರ್ ಅಬ್ಬರಿಸಿದಾಗಲೆಲ್ಲ ಮೊದಲ ಸಾಲಿಗೆ ಸಾಲೇ ಕೈಮುಗಿಯುತ್ತಿತ್ತು, ಆರತಕ್ಷತೆಗೆ ನಿಂತ ಮದುಮಗಳೂ ಸೇರಿ! ಹತ್ತು ಸ್ವಿಚ್ಚನ್ನೂ ಮನಸಾರೆ ತುಳಿದೆ ಮಾನ್ಯರೇ. ಜೀವನದಲ್ಲಿ ಅಷ್ಟು ಚೆನ್ನಾಗಿ ಎಂದೂ ನುಡಿಸಿರಲಿಲ್ಲ, ಅಷ್ಟು ಸಂತೋಷವನ್ನೂ ಎಂದೂ ಪಟ್ಟಿರಲಿಲ್ಲ. ಹಾಡು ಮುಗಿದಾಗ ಉದಯಕುಮಾರ್ ಅವರು ಮೈಕು ಆರಿಸುವುದನ್ನೂ ಮರೆತು, "ಇಂದ್ರೇಶಪ್ಪಾ, ನಿನ್ನ ಗಿಟಾರ್ ಬಟನ್ನಿಗೆ ಒಂದು ಪ್ಲಾಸ್ಟರು ಅಂಟ್ಸು" ಎಂದದ್ದು ಇಡೀ ಛತ್ರಕ್ಕೆ ಕೇಳಿಸಿತು.

ಆದಕಾರಣ, ಪೆಟ್ಟಿಗೆಯನ್ನು ಎರಡು ಸ್ವಿಚ್ಚಿನದ್ದಕ್ಕೆ ಬದಲಾಯಿಸಿಕೊಡಬೇಕೆಂಬ ಕೋರಿಕೆಯನ್ನು ಈ ಮೂಲಕ ಹಿಂಪಡೆದಿದ್ದೇನೆ. ತುಳಿಯುವ ಶಾಖೆ ನನ್ನದು, ಕ್ಷಮೆ ಕೇಳುವ ಶಾಖೆ ನಮ್ಮ ಅತ್ತೆಯವರದು, ಎರಡೂ ಸುಸೂತ್ರವಾಗಿ ನಡೆಯುತ್ತಿವೆ.

ತಮ್ಮ ಪೆಟ್ಟಿಗೆಯನ್ನು ಮನಸಾರೆ ತುಳಿದೂ ತಮ್ಮ ವಿಶ್ವಾಸಿಯಾಗಿಯೇ ಉಳಿದಿರುವ,
ಕೋಮಲ ದೇವೇಂದ್ರ
ಗಿಟಾರ್, ಜಂಕ್ಷನ್ ಮೆಲೋಡೀಸ್, ಅರಸೀಕೆರೆ

ಮರೆತ ಮಾತು: ತಮ್ಮ ಪೆಟ್ಟಿಗೆ ಸರಿಯಾಗಿ ಕೆಲಸ ಮಾಡಲು ಮೊದಲ ಸಾಲಿನಲ್ಲಿ ಒಬ್ಬ ಅತ್ತೆ ಅತ್ಯವಶ್ಯವೆಂಬ ಸಂಗತಿ ತಮ್ಮ ಕೈಪಿಡಿಯಲ್ಲಿ ಎಲ್ಲಿಯೂ ಇಲ್ಲ. ಮುಂದಿನ ಮುದ್ರಣದಲ್ಲಿ ದಯವಿಟ್ಟು ಸೇರಿಸಿಕೊಳ್ಳಿ. ಅಂಥವರು ತಮ್ಮ ಕಾರ್ಖಾನೆಯಲ್ಲಿ ತಯಾರಾಗುವುದಿಲ್ಲವೆಂದು ಬಲ್ಲೆ. ನಮ್ಮವರನ್ನು ಮಾದರಿಗೆಂದು ಕೇಳಿ ಪತ್ರ ಬರೆಯುವ ಶ್ರಮ ತೆಗೆದುಕೊಳ್ಳಬೇಡಿ, ಕೊಡುವುದಿಲ್ಲ.